ಲಕ್ಕವಳ್ಳಿಯ ಟ್ರಂಕಿನಲ್ಲಿ ಒಂದು ಕರಡಿ

ಕಳೆದ ಮಳೆಗಾಲದ ಕೊನೆಯಲ್ಲಿ ಲಕ್ಕವಳ್ಳಿಯಿಂದ ನನ್ನ ಸೋದರಮಾವನ ಮಗ ದೂರವಾಣಿ ಮಾಡಿದ. ಹಳೆಯ ಮನೆಯ ಹೆಂಚು ಜರುಗಿ ಅಟ್ಟಕ್ಕೆ ನೀರು ಸೋರಿತ್ತಂತೆ. ಅಲ್ಲಿದ್ದ ಟ್ರಂಕುಗಳನ್ನು ಕೆಳಗಿಳಿಸಿ ನೋಡಿದಾಗ ಒಂದರಲ್ಲಿ ಮಾವನ ಕರಡಿ ಸಿಕ್ಕಿತಂತೆ. ‘ಭಾವ, ಒಂದು ಕಿವಿಯನ್ನು ಇಲಿ ತಿಂದಿದೆ. ಬೆನ್ನಿನ ಮೇಲೆ ಒಂದು ಮೊಳ ಹರಿದಿದೆ. ಸರಿ ಮಾಡಿಕೊಡುತ್ತೇನೆ ಎನ್ನುವವನೊಬ್ಬ ಸಿಕ್ಕಿದ್ದಾನೆ. ಹೋಮ್‌ಸ್ಟೇ ಮಾಡುವ ಯೋಚನೆ ಇದೆಯಲ್ಲ, ಹಜಾರದಲ್ಲಿ ಹಾಸಿದರೆ ಚೆನ್ನಾಗಿರುತ್ತದೆ. ನೀವು ಒಮ್ಮೆ ಬಂದು ನೋಡಿ’ ಎಂದ.

ನಾನು ಹೋದೆ. ಕರಡಿಯನ್ನು ನೋಡುವ ಆಸೆಗಿಂತ ಹೆಚ್ಚಾಗಿ ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ಅಳುಕು. ಅದು ಏನೆಂಬುದನ್ನು ಮುಂದೆ ಹೇಳುತ್ತೇನೆ.

ಭದ್ರಾ ಅಣೆಕಟ್ಟಿನ ಕಾಮಗಾರಿ ನಡೆಯುತ್ತಿದ್ದ ಕಾಲದಲ್ಲಿ, ನಾನು ಹುಟ್ಟುವ ಮೊದಲೇ, ಮಾವ ಹೊಡೆದ ಕರಡಿ ಅದು. ಆಗ ಪರವಾನಗಿ ಪಡೆದು ಬೇಟೆಯಾಡುವುದು ತಪ್ಪಾಗಿರಲಿಲ್ಲ. ಅಡಿಕೆ ತೋಟದಾಚೆಯ ಕಾಡಿಗೆ ಸೌದೆ ತರಲು ಹೋಗಿದ್ದ ಆಳೊಬ್ಬನ ಮುಖವನ್ನು ಆ ಕರಡಿ ಬಗೆದುಹಾಕಿತ್ತು. ಎರಡು ದಿನ ಹುಡುಕಿ ಮಾವ ಅದನ್ನು ಹೊಡೆದರು. ಉಪ್ಪು ಸವರಿದ ಚರ್ಮ ಮೈಸೂರಿಗೆ ಹೋಯಿತು. ಕೆಲವು ತಿಂಗಳ ನಂತರ ತರೀಕೆರೆ ರೈಲು ನಿಲ್ದಾಣಕ್ಕೆ ಮರದ ಪೆಟ್ಟಿಗೆಯಲ್ಲಿ ನೆಲಹಾಸಾಗಿ ಮರಳಿ ಬಂತು. ಬಾಯಿ ತೆರೆದ ತಲೆ, ಗಾಜಿನ ಕಣ್ಣು, ಕೆಂಪು ನಾಲಗೆ, ಸುತ್ತಲೂ ಕತ್ತರಿಸಿದ ಫೆಲ್ಟ್ ಬಟ್ಟೆಯ ಅಂಚು. ಬೇಸಿಗೆ ರಜೆಗೆ ಹೋದಾಗ ನಾವು ಮಕ್ಕಳು ಅದರ ಮೇಲೆ ಮಲಗುತ್ತಿದ್ದೆವು. ಗಾಯಗೊಂಡ ಆಳು ಬದುಕಿ ಉಳಿದಿದ್ದ. ಅರ್ಧ ಮುಖಕ್ಕೆ ಟವೆಲು ಸುತ್ತಿಕೊಂಡು ಕೂಲಿ ಪಡೆಯಲು ಬರುತ್ತಿದ್ದ ಅವನು ಜಗಲಿಯಲ್ಲೇ ನಿಲ್ಲುತ್ತಿದ್ದ. ಹಜಾರದ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಕರಡಿಯ ಬಗ್ಗೆ ಈ ಸೀಮೆಯವರಿಗೆ ಇರುವ ಭಯ ಕಟ್ಟುಕಥೆಯಲ್ಲ. ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅರಸೀಕೆರೆ ಕಡೆಯಿಂದ ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಸುತ್ತಿನವರೆಗೆ ಹಾವಳಿ ಎಬ್ಬಿಸಿ ಹನ್ನೆರಡು ಜನರನ್ನಾದರೂ ಕೊಂದ ಕರಡಿಯೊಂದರ ವೃತ್ತಾಂತವಿದೆ. ಹುಲಿ ಮನುಷ್ಯರ ಸುಳಿವು ಸಿಕ್ಕರೆ ಸರಿದುಹೋಗುತ್ತದೆ. ಕರಡಿಯ ದೃಷ್ಟಿ ಮತ್ತು ಶ್ರವಣ ಅಷ್ಟು ಚುರುಕಲ್ಲ. ಗೆದ್ದಲು ಅಗೆಯುವುದರಲ್ಲಿ ಮುಳುಗಿರುವಾಗ ಹತ್ತಿರ ಬಂದವನನ್ನು ಕಂಡು ಬೆಚ್ಚಿ ಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿಗಳನ್ನು ಹೊತ್ತು ತಿರುಗುವ ತಾಯಿಯಂತೂ ಇನ್ನೂ ಅಪಾಯಕಾರಿ. ತಾನು ಹೊಡೆದದ್ದು ಹೆಣ್ಣು ಕರಡಿ, ಅದರ ಕೆಚ್ಚಲಿನಲ್ಲಿ ಹಾಲಿತ್ತು ಎಂಬ ಮಾತನ್ನು ಮಾವ ಹೇಳಿದ್ದು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ. ಮರಿಗಳನ್ನು ಹುಡುಕಿದಿರಾ ಎಂದು ಕೇಳಿದ್ದೆ. ‘ಹುಡುಕಿದೆ’ ಎಂದಷ್ಟೇ ಹೇಳಿ ಸುಮ್ಮನಾದರು.

ಮೈಸೂರಿನಲ್ಲಿ ಆ ಕೆಲಸ ಮಾಡುತ್ತಿದ್ದ ಸಂಸ್ಥೆಯ ಹೆಸರನ್ನು ಹಿರಿಯ ಓದುಗರು ಕೇಳಿರುತ್ತಾರೆ: ವ್ಯಾನ್ ಇಂಗನ್ ಅಂಡ್ ವ್ಯಾನ್ ಇಂಗನ್. ಯುಜೀನ್ ವ್ಯಾನ್ ಇಂಗನ್ 1900ರ ಸುಮಾರಿಗೆ ಆರಂಭಿಸಿದ ಈ ಕಾರ್ಖಾನೆಯನ್ನು ಅವರ ಮಕ್ಕಳು ಮುಂದುವರಿಸಿದರು. ದೇಶದ ರಾಜ ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ತಾವು ಹೊಡೆದ ಪ್ರಾಣಿಗಳನ್ನು ಇಲ್ಲಿಗೆ ಕಳುಹಿಸುತ್ತಿದ್ದರು. ಸಂಸ್ಥೆಯ ಇತಿಹಾಸವನ್ನು 2006ರಲ್ಲಿ ಪುಸ್ತಕವಾಗಿ ಹೊರತಂದ ಬ್ರಿಟನ್ನಿನ ಪ್ಯಾಟ್ ಮಾರಿಸ್ ಅವರ ಅಂದಾಜಿನಂತೆ ಅಲ್ಲಿ ಸಿದ್ಧವಾದ ಹುಲಿ ಚಿರತೆಗಳ ಸಂಖ್ಯೆಯೇ 40 ಸಾವಿರಕ್ಕೂ ಹೆಚ್ಚು. ಕಾಗದದ ಮುದ್ದೆಯನ್ನು ಅಚ್ಚಿಗೆ ಹಾಕಿ ಮಾಡಿದ ಹಗುರವಾದ ಒಡಲಿನ ಮೇಲೆ ಚರ್ಮವನ್ನು ಕೂರಿಸುವುದು ಅವರ ವಿಧಾನ. 1999ರಲ್ಲಿ ಕಾರ್ಖಾನೆ ಮುಚ್ಚಿತು. ಸಹೋದರರಲ್ಲಿ ಕೊನೆಯವರಾಗಿ ಉಳಿದಿದ್ದ ಜೂಬರ್ಟ್ ವ್ಯಾನ್ ಇಂಗನ್ ನೂರು ವರ್ಷ ದಾಟಿದ ಮೇಲೆ 2013ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಲಕ್ಕವಳ್ಳಿಗೆ ಹೋಗುವ ಮೊದಲು ನಾನು ಮೈಸೂರಿನಲ್ಲಿ ಒಬ್ಬ ವೃದ್ಧರನ್ನು ಕಂಡೆ. ಯೌವನದಲ್ಲಿ ಈ ಕಸುಬು ಕಲಿತವರು. ಕಾನೂನು ಬಿಗಿಯಾದ ಮೇಲೆ ಬಿಟ್ಟವರು. ನಾನು ತೆಗೆದುಕೊಂಡು ಹೋಗಿದ್ದ ಛಾಯಾಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ‘ನಾನು ಮುಟ್ಟೋದಿಲ್ಲ ಸ್ವಾಮಿ. ಏನಾಗಿದೆ ಅಂತ ಬೇಕಾದರೆ ಹೇಳ್ತೀನಿ’ ಎಂದರು. ಅವರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಇಲ್ಲಿ ಕೊಡುತ್ತೇನೆ.

ಒಣಗಿದ ಚರ್ಮವನ್ನು ಹಾಗೆಯೇ ಹೊಲಿಯಲಾಗದು; ಸೂಜಿ ಹಾಕಿದಲ್ಲೆಲ್ಲ ಸೀಳುತ್ತದೆ. ಮೊದಲು ಕೆಳಗಿನ ಫೆಲ್ಟ್ ಮತ್ತು ಮೆತ್ತೆಯನ್ನು ಬಿಚ್ಚಬೇಕು. ಹರಿದ ಭಾಗದ ಒಳಮೈಗೆ ಒದ್ದೆ ಬಟ್ಟೆ ಹಾಕಿ ನಿಧಾನವಾಗಿ ಮೆತ್ತಗಾಗಿಸಬೇಕು. ನೀರು ಹೆಚ್ಚಾದರೆ ಕೂದಲು ಬೇರು ಸಹಿತ ಜಾರುತ್ತದೆ; ಜಾರಿದ ಕೂದಲನ್ನು ಯಾರೂ ಮರಳಿ ನೆಡಲಾರರು. ಅಂಚುಗಳು ಒಂದಕ್ಕೊಂದು ಸೇರುವಷ್ಟು ಮೆತ್ತಗಾದ ಮೇಲೆ ಒಳಮೈಯಿಂದ ಒತ್ತೊತ್ತಾಗಿ ಹೊಲಿದು, ಹಿಂದಿನಿಂದ ತೆಳುವಾದ ಬಟ್ಟೆಯ ಆಸರೆ ಕೊಟ್ಟು, ಹಲಗೆಗೆ ಮೊಳೆ ಹೊಡೆದು ಒಣಗಿಸಬೇಕು. ಹುಲಿಯಾದರೆ ಪಟ್ಟೆಗೆ ಪಟ್ಟೆ ಕೂಡಬೇಕು, ಕಣ್ಣು ತಪ್ಪನ್ನು ಹಿಡಿದುಬಿಡುತ್ತದೆ. ಕರಡಿಯ ಕೂದಲು ಉದ್ದ, ಒಂದೇ ಬಣ್ಣ. ಹೊಲಿಗೆಯನ್ನು ಅದೇ ಮುಚ್ಚಿಕೊಳ್ಳುತ್ತದೆ. ಎದೆಯ ಬಿಳಿಯ ಗುರುತು ಮಾತ್ರ ನೆಲಹಾಸಿನಲ್ಲಿ ಒಂದಾಗಿ ಕಾಣುವುದಿಲ್ಲ. ಹೊಟ್ಟೆಯ ನಡುವೆ ಸೀಳಿ ಚರ್ಮ ಬಿಡಿಸುವುದರಿಂದ ಆ ಗುರುತು ಎರಡಾಗಿ ಎರಡು ಅಂಚುಗಳಿಗೆ ಹೋಗುತ್ತದೆ.

ಇದೆಲ್ಲ ಚರ್ಮದಲ್ಲಿ ಇನ್ನೂ ಜೀವ ಉಳಿದಿದ್ದರೆ. ಹದ ಮಾಡುವಾಗ ಉಳಿದ ಆಮ್ಲ ದಶಕಗಳ ಕಾಲ ಒಳಗೇ ಕೆಲಸ ಮಾಡಿ ಚರ್ಮವನ್ನು ಹಳೆಯ ಕಾಗದದಂತೆ ಪುಡಿಯಾಗಿಸಿರುತ್ತದೆ. ಮಲೆನಾಡಿನ ತೇವವೂ ಸೇರಿದರೆ ಕೇಳುವುದೇ ಬೇಡ. ಅಂಥದನ್ನು ಹೊಲಿಯಲು ಆಗುವುದಿಲ್ಲ, ಬಟ್ಟೆಗೆ ಅಂಟಿಸಿ ಉಳಿಸಿಕೊಳ್ಳಬಹುದು ಅಷ್ಟೆ. ಇನ್ನೊಂದು ಎಚ್ಚರಿಕೆಯನ್ನೂ ಅವರು ಕೊಟ್ಟರು. ಹಿಂದಿನವರು ಹುಳು ಹಿಡಿಯದಿರಲೆಂದು ಚರ್ಮದ ಒಳಮೈಗೆ ಪಾಷಾಣ ಬೆರೆಸಿದ ಸಾಬೂನನ್ನು ಬಳಿಯುತ್ತಿದ್ದುದುಂಟು. ಹಳೆಯ ಚರ್ಮವನ್ನು ಬರಿಗೈಯಲ್ಲಿ ಕೊಡವಬಾರದು, ಅದರ ದೂಳನ್ನು ಉಸಿರಾಡಬಾರದು. ಬಾಲ್ಯದಲ್ಲಿ ಅದರ ಮೇಲೆ ಉರುಳಾಡಿದ ನಾನು ಮರುಮಾತಾಡಲಿಲ್ಲ.

ನನ್ನ ಸೋದರಮಾವನ ಮಗ ಇನ್ನೊಂದು ದೋಷವನ್ನೂ ಪಟ್ಟಿ ಮಾಡಿದ್ದ: ಮೇಲಿನ ಸಾಲಿನ ಎರಡು ಮುಂಹಲ್ಲು ಮುರಿದುಹೋಗಿವೆ ಎಂದು. ವೃದ್ಧರು ನಕ್ಕರು. ನಮ್ಮ ಕರಡಿಗೆ ಮೇಲಿನ ನಡುವಿನ ಆ ಎರಡು ಹಲ್ಲುಗಳು ಇರುವುದೇ ಇಲ್ಲ. ಆ ಸಂದಿಯಿಂದಲೇ ಅದು ಗೆದ್ದಲನ್ನು ಹೀರಿಕೊಳ್ಳುತ್ತದೆ. ಉದ್ದ ಉಗುರು, ಇಲ್ಲದ ಹಲ್ಲುಗಳನ್ನು ನೋಡಿ ಮೋಸಹೋದ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ 1791ರಲ್ಲಿ ಇದನ್ನು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಬಳಗಕ್ಕೆ ಸೇರಿಸಿದ್ದ. ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಎಂಬ ಹೆಸರು ಹಾಗೆ ಉಳಿದುಕೊಂಡಿತು. ‘ಗೊತ್ತಿಲ್ಲದವನ ಕೈಗೆ ಕೊಟ್ಟರೆ ಇಲ್ಲದ ಹಲ್ಲು ಕಟ್ಟಿಕೊಡ್ತಾನೆ’ ಎಂದರು ಅವರು.

ಕೊನೆಯಲ್ಲಿ ಕಿವಿಯ ಮಾತು ಬಂತು. ಕಿವಿಯನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಕಿವಿಗೆ ಕಿವಿಯೇ ಬೇಕು ಸ್ವಾಮಿ. ಉಗುರಿಗೆ ಉಗುರೇ. ಆಡಿನ ಚರ್ಮಕ್ಕೆ ಬಣ್ಣ ಹಾಕಿ ಕೂರಿಸಬಹುದು, ಅದು ನಾಟಕದ ವೇಷದ ಹಾಗೆ ಕಾಣುತ್ತೆ. ಆಗೆಲ್ಲ ಕೆಟ್ಟ ಚರ್ಮಗಳು ಬರುತ್ತಿದ್ದವು, ಅದರಿಂದ ತೆಗೆದು ಇಟ್ಟುಕೊಳ್ತಿದ್ದೆವು. ಈಗ ಎಲ್ಲಿಂದ ತರ್ತೀರಿ?’

ಅರ್ಥಶಾಸ್ತ್ರ ಓದಿ, ಸರ್ಕಾರಿ ನೌಕರಿಯಲ್ಲಿ ಮೂರು ದಶಕ ಕಾನೂನಿನ ಕಲಮುಗಳ ನಡುವೆ ಬದುಕಿದ ನನಗೆ ಆವರೆಗೆ ಸ್ಪಷ್ಟವಾಗದಿದ್ದ ಒಂದು ಸಂಗತಿ ಈ ಪ್ರಶ್ನೆಯಿಂದ ಸ್ಪಷ್ಟವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಟ್ರೋಫಿ’ ಎಂಬುದರ ವ್ಯಾಖ್ಯೆಯಲ್ಲಿ ನೆಲಹಾಸು, ಚರ್ಮಗಳನ್ನು ಹೆಸರಿಸಿಯೇ ಸೇರಿಸಿದೆ. 1986ರ ತಿದ್ದುಪಡಿಯು ಸಂರಕ್ಷಿತ ಪಟ್ಟಿಯ ಪ್ರಾಣಿಗಳ ವ್ಯಾಪಾರವನ್ನು ಮಾತ್ರವಲ್ಲ, ಅವುಗಳ ಟ್ಯಾಕ್ಸಿಡರ್ಮಿಯನ್ನು ವೃತ್ತಿಯಾಗಿ ನಡೆಸುವುದನ್ನೂ ನಿಷೇಧಿಸಿತು. ಹೊಸದಾಗಿ ಕೊಲ್ಲುವುದನ್ನು ತಡೆಯಬೇಕು, ಸರಿ. ಸತ್ತು ಎಷ್ಟೋ ಕಾಲವಾದ ಪ್ರಾಣಿಯ ಚರ್ಮಕ್ಕೆ ನಾಲ್ಕು ಹೊಲಿಗೆ ಹಾಕಿದರೆ ಯಾವ ಕರಡಿಗೆ ನಷ್ಟ ಎಂದು ನಾನೂ ಯೋಚಿಸಿದ್ದುಂಟು. ಉತ್ತರ ಆ ಕಿವಿಯಲ್ಲಿದೆ. ದುರಸ್ತಿ ಎಂಬುದು ಬರೀ ಹೊಲಿಗೆಯಲ್ಲ, ಅದಕ್ಕೆ ಬಿಡಿಭಾಗ ಬೇಕು. ಬಿಡಿಭಾಗಕ್ಕೆ ಬೇಡಿಕೆ ಹುಟ್ಟಿದರೆ ಪೂರೈಕೆ ಎಲ್ಲಿಂದಲಾದರೂ ಬಂದೇ ಬರುತ್ತದೆ. ನಾಡಿನ ಹಳೆಯ ಮನೆಗಳಲ್ಲಿರುವ ಚರ್ಮಗಳಿಗೆಲ್ಲ ಒಂದೊಂದು ಕಿವಿ, ಒಂದೊಂದು ಉಗುರು ಬೇಕಾದರೆ ಅದನ್ನು ಕೊಡಬೇಕಾದದ್ದು ಭದ್ರಾ ಕಾಡಿನಲ್ಲಿ ಇಂದು ಓಡಾಡುತ್ತಿರುವ ಕರಡಿ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಇಂದು ಕಿವಿ, ನಾಳೆ ಕಾಲು, ನಾಡಿದ್ದು ಬೆನ್ನು ಬದಲಾದರೆ ಉಳಿಯುವುದು ಹಳೆಯ ಪ್ರಮಾಣಪತ್ರ ಮತ್ತು ಹೊಸ ಕರಡಿ. ಹಳೆಯದೆಂಬ ಕಾರಣಕ್ಕೆ ಕಾನೂನು ತೋರಿದ ವಿನಾಯಿತಿಯೇ ಹೊಸ ಬೇಟೆಗೆ ಮುಸುಕಾಗುತ್ತದೆ. ದುರಸ್ತಿಗೆ ಅವಕಾಶ ಕೊಟ್ಟ ಅಧಿಕಾರಿ ಪ್ರತಿಯೊಂದು ಹೊಲಿಗೆಯ ಎರಡೂ ಬದಿಯ ಚರ್ಮ ಒಂದೇ ಪ್ರಾಣಿಯದೇ ಎಂದು ನೋಡುತ್ತಾ ಕೂರಲು ಸಾಧ್ಯವೇ?

ಈಗ ನನ್ನ ಅಳುಕಿನ ಮಾತು. ಕಾಯ್ದೆ ಬಂದ ಮೇಲೆ ಮಾವ ಅರ್ಜಿ ಕೊಟ್ಟು ಕರಡಿ ಚರ್ಮಕ್ಕೆ ಮಾಲೀಕತ್ವದ ಪ್ರಮಾಣಪತ್ರ ಪಡೆದಿದ್ದರು. 2003ರ ತಿದ್ದುಪಡಿಯಂತೆ ಇಂಥ ವಸ್ತು ವಾರಸುದಾರಿಕೆಯಿಂದ ಬಂದಾಗ, ವಾರಸುದಾರರು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಮಾರುವಂತಿಲ್ಲ, ಹಣದ ಪ್ರತಿಫಲಕ್ಕೆ ಯಾರಿಗೂ ವರ್ಗಾಯಿಸುವಂತಿಲ್ಲ. ಮಾವ ತೀರಿಕೊಂಡದ್ದು 2009ರಲ್ಲಿ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅತ್ತೆ ಕಾಗದಗಳ ಕಟ್ಟೊಂದನ್ನು ನನ್ನ ಕೈಗಿಟ್ಟು, ‘ಸರ್ಕಾರದ ಕಾಗದವೆಲ್ಲ ನಿನಗೇ ಗೊತ್ತಾಗೋದು, ಏನು ಮಾಡಬೇಕೋ ನೋಡಪ್ಪ’ ಎಂದಿದ್ದರು. ಪಹಣಿ, ಖಾತೆ, ಬ್ಯಾಂಕಿನ ಪಾಸ್‌ಪುಸ್ತಕಗಳ ನಡುವೆ ಆ ಪ್ರಮಾಣಪತ್ರವೂ ಇತ್ತು. ಖಾತೆ ಬದಲಾವಣೆ ಮಾಡಿಸಿಕೊಟ್ಟೆ. ಕರಡಿಯ ಕಾಗದವನ್ನು ಆಮೇಲೆ ನೋಡೋಣವೆಂದು ಎತ್ತಿಟ್ಟೆ. ಅದು ಹಾಗೆಯೇ ಉಳಿಯಿತು.

ಅವಧಿ ಮೀರಿ ಬಂದ ಅರ್ಜಿಗಳನ್ನು ‘ವಿಳಂಬಕ್ಕೆ ಸಮರ್ಪಕ ಕಾರಣ ನೀಡಿಲ್ಲ’ ಎಂದು ಬರೆದು ತಿರಸ್ಕರಿಸಿದವನು ನಾನು. ಎಷ್ಟು ಜನ ವಿಧವೆಯರು, ರೈತರು ನನ್ನ ಮೇಜಿನ ಮುಂದೆ ನಿಂತು ‘ಗೊತ್ತಿರಲಿಲ್ಲ ಸ್ವಾಮಿ’ ಎಂದಿದ್ದರೋ ಲೆಕ್ಕವಿಲ್ಲ. 2023ರ ಅಕ್ಟೋಬರಿನಲ್ಲಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪದಕ ಧರಿಸಿದ್ದಕ್ಕಾಗಿ ಬಂಧಿತರಾದಾಗ, ಜನರಿಗೆ ಕಾನೂನಿನ ಅರಿವೇ ಇಲ್ಲವೆಂದು ಸ್ನೇಹಿತರೊಡನೆ ವಾಯುವಿಹಾರದಲ್ಲಿ ಮಾತಾಡಿದ್ದೆ. ಪ್ರಮಾಣಪತ್ರವಿಲ್ಲದೆ ಇಂಥ ವಸ್ತುಗಳನ್ನು ಇಟ್ಟುಕೊಂಡವರು ಒಪ್ಪಿಸಲು ಕೊನೆಯ ಅವಕಾಶ ಕೊಡುವುದಾಗಿ 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದಾಗಲೂ ಆ ಸುದ್ದಿಯನ್ನು ಓದಿ ಪುಟ ತಿರುಗಿಸಿದ್ದೆ. ಲಕ್ಕವಳ್ಳಿಯ ಅಟ್ಟದ ಮೇಲಿನ ಟ್ರಂಕು ಆಗಲೂ ನೆನಪಾಗಲಿಲ್ಲ. ಗೊತ್ತಿಲ್ಲದವರ ತಪ್ಪಿಗೂ ಗೊತ್ತಿದ್ದವನ ಮರೆವಿಗೂ ಕಾನೂನು ವ್ಯತ್ಯಾಸ ಮಾಡದಿರಬಹುದು. ನಾನು ಮಾಡದೆ ಇರಲಾರೆ.

ಲಕ್ಕವಳ್ಳಿಯಲ್ಲಿ ಆ ಚರ್ಮವನ್ನು ಜಗಲಿಯ ಮೇಲೆ ಚಾಪೆ ಹಾಸಿ ಬಿಡಿಸಿಟ್ಟಿದ್ದರು. ಬಲಗಿವಿ ಇರಲಿಲ್ಲ. ಬೆನ್ನಿನ ಸೀಳು ಬೆರಳು ತಾಗಿಸಿದರೆ ಇನ್ನಷ್ಟು ಬಿಡುತ್ತಿತ್ತು. ಮುಂಗಾಲಿನ ಎರಡು ಉಗುರುಗಳನ್ನು ಯಾರೋ ಎಂದೋ ಕಿತ್ತಿದ್ದರು. ಮಗುವಿನ ಕೊರಳಿಗೆ ಕಟ್ಟಲು ಇರಬೇಕು. ನಾನು ವೃದ್ಧರು ಹೇಳಿದ್ದನ್ನೆಲ್ಲ ಹೇಳಿ, ದುರಸ್ತಿ ಮಾಡುತ್ತೇನೆಂದು ಬಂದವನು ಕಿವಿಯನ್ನು ಎಲ್ಲಿಂದ ತರುತ್ತಾನೆಂದು ಕೇಳಿದೆಯಾ ಎಂದೆ. ‘ಅದನ್ನೆಲ್ಲ ನೀವು ಕೇಳಬೇಡಿ ಅಂದ, ಭಾವ’ ಎಂದು ಅವನು ತಲೆ ತಗ್ಗಿಸಿದ.

ಆಗ ತೋಟದ ಕೆಲಸಕ್ಕೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬಳು ಜಗಲಿಯ ಕೆಳಗೆ ನಿಂತು ನೋಡುತ್ತಿದ್ದಳು. ಅಂದು ಮುಖ ಕಳೆದುಕೊಂಡವನ ಮಗಳು ಆಕೆ. ‘ಇದನ್ನ ಸರಿ ಮಾಡಿಸ್ತೀರಾ?’ ಎಂದಳು. ಅಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಅವಳ ಅಪ್ಪನ ಮುಖವನ್ನು ಯಾರೂ ಸರಿ ಮಾಡಿಸಿರಲಿಲ್ಲ. ಅವಳು ಅದನ್ನು ಮನಸ್ಸಿನಲ್ಲಿಟ್ಟು ಕೇಳಿದಳೋ ಇಲ್ಲವೋ ತಿಳಿಯದು. ನಮ್ಮಿಬ್ಬರಿಗೂ ಹಾಗೆಯೇ ಕೇಳಿಸಿತು.

ಲಕ್ಕವಳ್ಳಿಯ ಸುತ್ತಲಿನ ಕಾಡು 1974ರಲ್ಲಿ ಭದ್ರಾ ಅಭಯಾರಣ್ಯಕ್ಕೆ ಸೇರಿತು. 1998ರಲ್ಲಿ ಅದು ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. 2001–02ರ ಸುಮಾರಿಗೆ ಕಾಡಿನೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವರ ಬನಗಳನ್ನು ಬಿಟ್ಟು ಹೊರಬಂದವು. ಅವರಲ್ಲಿ ಬಹಳಷ್ಟು ಮಂದಿ ನೆಲೆಸಿದ್ದು ಲಕ್ಕವಳ್ಳಿಗೆ ಸಮೀಪದ ಎಂ.ಸಿ. ಹಳ್ಳಿಯಲ್ಲಿ. ಪ್ರಾಣಿಗಳಿಗೆ ಜಾಗ ಬಿಟ್ಟುಕೊಡಲು ತಲೆಮಾರುಗಳ ಮನೆಯನ್ನೇ ತೊರೆದವರ ನೆರೆಯಲ್ಲಿ ಕುಳಿತು, ಒಂದು ಹರಿದ ಚರ್ಮವನ್ನು ಬಿಟ್ಟುಕೊಡುವುದು ಹೇಗೆಂದು ನಾವು ಅಳುಕುತ್ತಿದ್ದೆವು. ಅರ್ಥಶಾಸ್ತ್ರದಲ್ಲಿ, ಖರ್ಚಾಗಿ ಹೋದದ್ದನ್ನು ಮುಂದಿನ ತೀರ್ಮಾನಕ್ಕೆ ಆಧಾರವಾಗಿಸಬಾರದು ಎಂಬ ಪಾಠವಿದೆ. ನೆನಪಿನ ವಿಷಯದಲ್ಲಿ ಆ ಪಾಠ ಪಾಲಿಸುವುದು ಸುಲಭವಲ್ಲ.

ಹಾಗೆಂದು ಸರ್ಕಾರದ ಹೊಣೆ ನಿಷೇಧದೊಂದಿಗೆ ಮುಗಿಯಿತು ಎನ್ನಲಾರೆ. ಪ್ರಮಾಣಪತ್ರವಿದ್ದವರು ಇಷ್ಟವಿದ್ದರೆ ಇಂಥ ವಸ್ತುಗಳನ್ನು ಸ್ವಯಂಪ್ರೇರಿತವಾಗಿ ಸರ್ಕಾರಕ್ಕೆ ಒಪ್ಪಿಸಲು 2022ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಆದರೆ ಇದು ಎಷ್ಟು ಮನೆಗಳಿಗೆ ಗೊತ್ತು? ಮರಣ ಪ್ರಮಾಣಪತ್ರ ಕೊಡುವಾಗ, ಖಾತೆ ಬದಲಾಯಿಸುವಾಗ, ಮೃತರ ಹೆಸರಿನಲ್ಲಿ ಬಂದೂಕು ಇತ್ತೇ, ವನ್ಯಜೀವಿ ವಸ್ತು ಇತ್ತೇ ಎಂದು ಒಂದು ಸಾಲು ಕೇಳಿದರೆ ಸಾಕು. 90 ದಿನ ಮೀರುವ ಎಷ್ಟೋ ಪ್ರಕರಣಗಳು ತಪ್ಪುತ್ತವೆ. ಘೋಷಣೆಯನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲೇ ಸ್ವೀಕರಿಸುವಂತಾದರೆ ಹಳ್ಳಿಯವರು ಹೆದರದೆ ಬರುತ್ತಾರೆ. ಹೆದರಿದವರು ಏನು ಮಾಡುತ್ತಾರೆಂದು ಹೇಳಬೇಕಾಗಿಲ್ಲ: ಒಂದೋ ಬಚ್ಚಿಡುತ್ತಾರೆ, ಇಲ್ಲವೇ ರಾತ್ರಿ ಸುಡುತ್ತಾರೆ.

ಒಪ್ಪಿಸಿದ್ದನ್ನು ಏನು ಮಾಡಬೇಕೆಂಬುದು ಇನ್ನೊಂದು ಪ್ರಶ್ನೆ. ಅಸ್ಸಾಂ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ತನ್ನ ಖಜಾನೆಗಳಲ್ಲಿದ್ದ 2,479 ಖಡ್ಗಮೃಗದ ಕೊಂಬುಗಳನ್ನು ಬಹಿರಂಗವಾಗಿ ಸುಟ್ಟಿತು. ಕೊಂಬಿಗೆ ಕಳ್ಳಸಂತೆಯಲ್ಲಿ ಬೆಲೆಯಿದೆ. ಅದು ಬರೀ ಬೂದಿ ಎಂದು ತೋರಿಸುವುದರಲ್ಲಿ ಅರ್ಥವಿತ್ತು. ಎಲ್ಲವನ್ನೂ ಸುಡಬೇಕಿಲ್ಲ. ಮುಂಬೈಯ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಪಶುವೈದ್ಯ ಪ್ರಾಧ್ಯಾಪಕ ಡಾ. ಸಂತೋಷ್ ಗಾಯಕವಾಡ್ ಅವರ ಮುತುವರ್ಜಿಯಿಂದ 2009ರಲ್ಲಿ ಸರ್ಕಾರಿ ಟ್ಯಾಕ್ಸಿಡರ್ಮಿ ಕೇಂದ್ರ ಆರಂಭವಾಯಿತು. ಅಲ್ಲಿ ಬೇಟೆಗೆ ಬಲಿಯಾದವುಗಳಲ್ಲ, ಮೃಗಾಲಯಗಳಲ್ಲಿ ಮತ್ತು ಕಾಡಿನಲ್ಲಿ ಸಹಜವಾಗಿ ಸತ್ತ ಪ್ರಾಣಿಗಳನ್ನು ಮಕ್ಕಳ ಕಲಿಕೆಗಾಗಿ ಉಳಿಸುತ್ತಾರೆ. ಒಂದು ಕಾಲಕ್ಕೆ ಜಗತ್ತಿನ ಚರ್ಮಗಳೆಲ್ಲ ಬಂದು ಸೇರುತ್ತಿದ್ದ ಮೈಸೂರಿನಲ್ಲಿ, ಒಪ್ಪಿಸಲ್ಪಟ್ಟ ಹಳೆಯ ಚರ್ಮಗಳಿಗಾಗಿ ಅಂಥದೊಂದು ಸಾರ್ವಜನಿಕ ಕೊಠಡಿ ಇರುವುದು ನ್ಯಾಯ. ಅಲ್ಲಿ ಅವುಗಳನ್ನು ಹೊಸದಾಗಿ ಕಾಣಿಸುವಂತೆ ಮಾಡಬೇಕಿಲ್ಲ. ಇನ್ನಷ್ಟು ಹಾಳಾಗದಂತೆ ನೋಡಿಕೊಂಡು, ಯಾವ ಊರಿನ ಕಾಡಿನದು, ಯಾವ ಕಾಲದ್ದು ಎಂದು ಬರೆದಿಟ್ಟರೆ ಅದೇ ಒಂದು ದಾಖಲೆ. ಇಲ್ಲದ ಕಿವಿಯೂ ಆ ದಾಖಲೆಯ ಭಾಗವೇ.

ನಾವು ಮಾಡಿದ್ದಿಷ್ಟು. ಮಾವನ ಮೂಲ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಚರ್ಮದ ಛಾಯಾಚಿತ್ರಗಳನ್ನು ಲಗತ್ತಿಸಿ, ಘೋಷಣೆ ಸಲ್ಲಿಸದೆ ಇದ್ದುದನ್ನು ಮುಚ್ಚಿಡದೆ ತಿಳಿಸಿ, ಚರ್ಮವನ್ನು ಸರ್ಕಾರ ವಹಿಸಿಕೊಳ್ಳಬೇಕೆಂದು ಕೋರಿ ಅರ್ಜಿ ಸಲ್ಲಿಸಿದ್ದೇವೆ. ಎರಡು ಉಗುರುಗಳು ಇಲ್ಲದಿರುವುದನ್ನೂ ಬರೆದಿದ್ದೇವೆ. ವಿಳಂಬಕ್ಕೆ ಕಾರಣ ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ, ‘ಕಾಗದ ನನ್ನ ಬಳಿಯಿತ್ತು, ನಾನು ಮರೆತೆ’ ಎಂದು ಬರೆದು ನನ್ನ ಸಹಿ ಹಾಕಿದೆ. ನನ್ನ ಸೋದರಮಾವನ ಮಗನಿಗೆ ತೊಂದರೆಯಾದರೆ ಅದಕ್ಕೆ ಕಾರಣ ನಾನು ಎಂಬುದು ದಾಖಲೆಯಲ್ಲಿರಲಿ. ಉತ್ತರ ಇನ್ನೂ ಬಂದಿಲ್ಲ. ಅದು ತಿರಸ್ಕಾರವೇ ಆಗಿರಬಹುದು. ಅಂಥ ಉತ್ತರವನ್ನು ಹೇಗೆ ಬರೆಯುತ್ತಾರೆಂದು ನನಗೆ ಚೆನ್ನಾಗಿ ಗೊತ್ತು.

ಅಲ್ಲಿಯವರೆಗೆ ಚರ್ಮ ಹರಿದ ಸ್ಥಿತಿಯಲ್ಲೇ, ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸೋರದ ಕೋಣೆಯಲ್ಲಿದೆ. ಹೋಮ್‌ಸ್ಟೇಯ ಹಜಾರಕ್ಕೆ ಈಚಲು ಚಾಪೆ ತಂದಿದ್ದಾರೆ. ಮಲೆನಾಡಿನಲ್ಲೂ ಮೈಸೂರು ಸೀಮೆಯಲ್ಲೂ ಅಜ್ಜನ ಕಾಲದ ಟ್ರಂಕುಗಳು ಇರುವ ಮನೆಗಳು ಬಹಳ. ಈ ಬರಹ ಓದಿದವರು ಒಮ್ಮೆ ಅವುಗಳ ಮುಚ್ಚಳ ತೆರೆದು, ಒಳಗಿನ ವಸ್ತುವಿನ ಜೊತೆಗೆ ಅದರ ಕಾಗದವನ್ನೂ ನೋಡಲಿ. ತೊಂಬತ್ತು ದಿನ ಬಹಳ ಬೇಗ ಕಳೆದುಹೋಗುತ್ತದೆ.